ಕಾಲು ಮುರಿದು ಸೇರಿದವರಿಗೆ ಶುಗರ್ ಎಲ್ಲಿಂದ ಬಂತು?

ಅಡಿಕೆ ಮರದಿಂದ ಬಿದ್ದವರು ಆಸ್ಪತ್ರೆಗೆ ಬರುವುದು ಮಲೆನಾಡಿಗೆ ಹೊಸದೇನಲ್ಲ. ಮಳೆಗಾಲದಲ್ಲಿ ಕೊಳೆ ರೋಗಕ್ಕೆ ಔಷಧಿ ಹೊಡೆಯಲು ಹತ್ತಿದವರು ಜಾರುತ್ತಾರೆ. ಕೊಯ್ಲಿನಲ್ಲಿ ಕೊನೆ ಇಳಿಸಲು ಹತ್ತಿದವರೂ ಜಾರುತ್ತಾರೆ. ಹೊಸನಗರದ ಕಡೆಯ, ಐವತ್ತು ದಾಟಿದ ಒಬ್ಬರು ಹೀಗೆ ತೊಡೆಮೂಳೆ ಮುರಿದುಕೊಂಡು ಶಿವಮೊಗ್ಗಕ್ಕೆ ಬಂದರು ಅಂದುಕೊಳ್ಳಿ. ಕ್ಯಾಶುವಾಲ್ಟಿಯಲ್ಲಿ ಬೆರಳು ಚುಚ್ಚಿ ನೋಡಿದರೆ ಶುಗರ್ 268. ಹೆಂಡತಿಗೆ ಗಾಬರಿ. "ಸಿಸ್ಟರ್, ಇವ್ರಿಗೆ ಶುಗರ್ರೇ ಇರ್ಲಿಲ್ಲ. ಕಾಲು ಮುರಿದಿದ್ದಕ್ಕೆ ಶುಗರ್ ಹೆಂಗೆ ಬರುತ್ತೆ?"

ಒಳ್ಳೆಯ ಪ್ರಶ್ನೆ. ಇದಕ್ಕೆ ಎರಡು ಉತ್ತರ ಇರಬಹುದು. ಎರಡರಲ್ಲಿ ಯಾವುದು ಸರಿ ಅನ್ನುವುದರ ಮೇಲೆ ಆ ಮನೆಯ ಮುಂದಿನ ಹತ್ತಿಪ್ಪತ್ತು ವರ್ಷ ನಿಂತಿದೆ.

ಮೊದಲ ಉತ್ತರ: ಶುಗರ್ ಮೊದಲೇ ಇತ್ತು, ಯಾರೂ ನೋಡಿರಲಿಲ್ಲ. ನಮ್ಮಲ್ಲಿ ಇದೇ ಜಾಸ್ತಿ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ದೇಶದ ಎಲ್ಲ ರಾಜ್ಯಗಳಲ್ಲೂ ನಡೆಸಿದ ದೊಡ್ಡ ಅಧ್ಯಯನದ ಲೆಕ್ಕ 2023ರಲ್ಲಿ ಹೊರಬಂತು. ಅದರ ಪ್ರಕಾರ ದೇಶದಲ್ಲಿ ಸುಮಾರು 10.1 ಕೋಟಿ ಜನರಿಗೆ ಸಕ್ಕರೆ ಕಾಯಿಲೆ ಇದೆ. ಇನ್ನೂ 13.6 ಕೋಟಿ ಜನ ಅದರ ಹೊಸ್ತಿಲಲ್ಲಿದ್ದಾರೆ. ಇವರಲ್ಲಿ ಎಷ್ಟೋ ಜನರಿಗೆ ಏನೂ ತೊಂದರೆ ಅನ್ನಿಸುವುದಿಲ್ಲ. ತೋಟಕ್ಕೆ ಹೋಗುತ್ತಾರೆ, ಮೂರು ಹೊತ್ತು ಅನ್ನ ಉಣ್ಣುತ್ತಾರೆ, ರಾತ್ರಿ ಎರಡು ಸಲ ಎದ್ದರೆ 'ವಯಸ್ಸಾಯ್ತು' ಅಂತಾರೆ. ಮೊದಲ ಸಲ ರಕ್ತ ಕೊಡುವುದು ಇಂಥ ಒಂದು ಪೆಟ್ಟು ಬಿದ್ದಾಗ.

ಎರಡನೇ ಉತ್ತರ: ನಿಜವಾಗಿಯೂ ಆ ಪೆಟ್ಟಿಗೇ ಏರಿದ್ದು. ಮೂಳೆ ಮುರಿದಾಗ, ಹಾರ್ಟ್ ಅಟ್ಯಾಕ್ ಆದಾಗ, ಸೋಂಕು ರಕ್ತಕ್ಕೆ ಏರಿದಾಗ ದೇಹ ಅಡ್ರಿನಲಿನ್, ಕಾರ್ಟಿಸಾಲ್, ಗ್ಲುಕಗಾನ್ ಎಂಬ ಹಾರ್ಮೋನುಗಳನ್ನು ಜೋರಾಗಿ ಬಿಡುತ್ತದೆ. ಇವು ಯಕೃತ್ತಿನಲ್ಲಿರುವ ಸಕ್ಕರೆಯನ್ನು ರಕ್ತಕ್ಕೆ ಸುರಿಸುತ್ತವೆ, ಇನ್ಸುಲಿನ್ ಕೆಲಸಕ್ಕೆ ಅಡ್ಡ ಬರುತ್ತವೆ. ಓಡು ಇಲ್ಲವೇ ಹೊಡೆದಾಡು ಅನ್ನುವ ಹೊತ್ತಿಗೆ ಶಕ್ತಿ ಬೇಕಲ್ಲ, ಅದಕ್ಕೆ ಈ ಏರ್ಪಾಡು. ಪೆಟ್ಟು ವಾಸಿಯಾದ ಮೇಲೆ ಶುಗರ್ ತಾನೇ ಇಳಿಯಬಹುದು.

ಬೇರ್ಪಡಿಸುವುದು ಹೇಗೆ? ಬೆರಳು ಚುಚ್ಚಿದ 268 ಇದನ್ನು ಹೇಳುವುದಿಲ್ಲ. ಹೇಳುವುದು ಎಚ್‌ಬಿಎ1ಸಿ, ಜನ 'ಮೂರು ತಿಂಗಳ ಶುಗರ್' ಅನ್ನುವ, ಕೆಂಪು ರಕ್ತಕಣಕ್ಕೆ ಅಂಟಿದ ಸಕ್ಕರೆ ಅಳೆಯುವ ಪರೀಕ್ಷೆ. ಅದು 6.5 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಕಾಯಿಲೆ ಮೊದಲೇ ಇತ್ತು. 5.7ಕ್ಕಿಂತ ಕಡಿಮೆ ಇದ್ದು ಬೆರಳಿನಲ್ಲಿ 268 ಬಂದರೆ ಅದು ಬಹುಮಟ್ಟಿಗೆ ಪೆಟ್ಟಿನ ಏರಿಕೆ. ನಡುವೆ ಇದ್ದರೆ ಹೊಸ್ತಿಲು. ಆಸ್ಪತ್ರೆಗೆ ಸೇರಿದ ಯಾರಿಗೇ ಆಗಲಿ ಶುಗರ್ 140 ದಾಟಿದರೆ, ಹಿಂದಿನ ಮೂರು ತಿಂಗಳಲ್ಲಿ ಈ ಪರೀಕ್ಷೆ ಆಗಿರದಿದ್ದರೆ, ಮಾಡಿಸಬೇಕು ಅನ್ನುವುದು ಈಗ ಒಪ್ಪಿತ ಪದ್ಧತಿ.

ಇಲ್ಲೊಂದು ಸೂಕ್ಷ್ಮ ಇದೆ. ತೊಡೆಮೂಳೆ ಮುರಿದರೆ ಒಳಗೇ ತುಂಬಾ ರಕ್ತ ಹೋಗಿರುತ್ತದೆ. ಆಪರೇಷನ್‌ಗೆ ಮುಂಚೆ ಎರಡು ಬಾಟಲಿ ರಕ್ತ ಹಾಕುತ್ತಾರೆ. ಅದಾದ ಮೇಲೆ ಎಚ್‌ಬಿಎ1ಸಿ ಕಳಿಸಿದರೆ ನಮ್ಮವರ ರಕ್ತದ ಜೊತೆ ದಾನಿಯ ರಕ್ತವನ್ನೂ ಅಳೆದ ಹಾಗಾಯಿತು. ಸಾಮಾನ್ಯವಾಗಿ ಸಂಖ್ಯೆ ಇಳಿದೇ ಬರುತ್ತದೆ. ಕಬ್ಬಿಣದ ಕೊರತೆಯ ರಕ್ತಹೀನತೆ ಇದ್ದರೆ ಉಲ್ಟಾ, ಸುಳ್ಳು ಏರಿಕೆ ಕಾಣಬಹುದು. ನಮ್ಮ ಹೆಂಗಸರಲ್ಲಿ ರಕ್ತಹೀನತೆ ಎಷ್ಟು ಸಾಮಾನ್ಯ ಅಂತ ಗೊತ್ತಲ್ಲ. ಹಾಗಾಗಿ ಸ್ಯಾಂಪಲ್ ರಕ್ತ ಹಾಕುವ ಮುಂಚೆ ತೆಗೆಯಬೇಕು, ಹಿಮೋಗ್ಲೋಬಿನ್ ಪಕ್ಕದಲ್ಲಿಟ್ಟು ಓದಬೇಕು. ಇದಕ್ಕೆ ಹೊಸ ಯಂತ್ರ ಬೇಡ. ಯಾವುದು ಮೊದಲು, ಯಾವುದು ಆಮೇಲೆ ಅನ್ನುವ ಎಚ್ಚರ ಇದ್ದರೆ ಸಾಕು.

ಈ ಲೇಖನದ ವಾದವೂ ಅದೇ. ವಾರ್ಡಿನಲ್ಲಿ ಮಲಗಿದವರ ಹಾರ್ಮೋನು ತೊಂದರೆ ಕೈ ಮೀರುವುದು ಹೆಚ್ಚಾಗಿ ಎರಡು ಕಾರಣಕ್ಕೆ. ಕೇಳಬೇಕಾದ ಒಂದೆರಡು ಹಳೆಯ ಸಂಗತಿ ಯಾರೂ ಕೇಳಿರುವುದಿಲ್ಲ. ಊಟ, ಸೂಜಿ, ಪರೀಕ್ಷೆ ಮೂರಕ್ಕೂ ಹೊತ್ತು ಹೊಂದಿರುವುದಿಲ್ಲ. ಹಾರ್ಮೋನು ತಜ್ಞರು ತಾಲ್ಲೂಕಿಗೊಬ್ಬರು ಸಿಗುವ ಕಾಲ ಹತ್ತಿರದಲ್ಲಿಲ್ಲ. ಆದರೆ ಈ ಎರಡನ್ನು ಸರಿ ಮಾಡಲು ತಜ್ಞರು ಬೇಕಾಗಿಲ್ಲ.

ಎಷ್ಟಕ್ಕೆ ಇಳಿಸಬೇಕು?

'ಡಾಕ್ಟ್ರೇ, ಇನ್ನೂ 170 ಇದೆ, ನಾರ್ಮಲ್ ಆಗಿಲ್ಲ' ಅಂತ ಮನೆಯವರು ದಿನಾ ಕೇಳುತ್ತಾರೆ. ಅವರನ್ನು ದೂರಿ ಉಪಯೋಗವಿಲ್ಲ. ವೈದ್ಯಲೋಕವೇ ಈ ವಿಷಯದಲ್ಲಿ ಒಂದು ಸುತ್ತು ಹೊಡೆದು ಬಂದಿದೆ.

2001ರಲ್ಲಿ ಬೆಲ್ಜಿಯಂನ ಲೂವೆನ್‌ನಲ್ಲಿ ಒಂದು ಅಧ್ಯಯನ ಆಯಿತು. ಐಸಿಯುನಲ್ಲಿದ್ದ 1548 ರೋಗಿಗಳು, ಹೆಚ್ಚಿನವರು ಹೃದಯದ ಆಪರೇಷನ್ ಆದವರು. ಇನ್ಸುಲಿನ್ ಕೊಟ್ಟು ಶುಗರನ್ನು 80ರಿಂದ 110ರ ಒಳಗೆ ಬಿಗಿಯಾಗಿ ಹಿಡಿದವರಲ್ಲಿ ಐಸಿಯು ಸಾವು 8ರಿಂದ 4.6 ಶೇಕಡಕ್ಕೆ ಇಳಿಯಿತು. ಜಗತ್ತೆಲ್ಲ ಬಿಗಿ ಹಿಡಿತದ ಹಿಂದೆ ಬಿತ್ತು. ಎಂಟು ವರ್ಷ ಕಳೆದು, 2009ರಲ್ಲಿ, ಆರು ಸಾವಿರಕ್ಕೂ ಹೆಚ್ಚು ಐಸಿಯು ರೋಗಿಗಳ 'ನೈಸ್ ಶುಗರ್' ಅಧ್ಯಯನ ಬಂತು. ಅಲ್ಲಿ ಫಲಿತಾಂಶ ತಿರುಗುಮುರುಗು. ಬಿಗಿಯಾಗಿ ಹಿಡಿದವರಲ್ಲಿ 90 ದಿನದೊಳಗೆ ಸತ್ತವರು 27.5 ಶೇಕಡ. 180ರ ಒಳಗಿದ್ದರೆ ಸಾಕು ಎಂದು ಬಿಟ್ಟವರಲ್ಲಿ 24.9. ಶುಗರ್ ಅಪಾಯದ ಮಟ್ಟಕ್ಕೆ ಕುಸಿದವರು ಬಿಗಿ ಗುಂಪಿನಲ್ಲಿ 6.8 ಶೇಕಡ, ಇನ್ನೊಂದರಲ್ಲಿ ಬರೀ 0.5.

ಆಮೇಲೆ ಜಗತ್ತು ನೆಲೆ ನಿಂತದ್ದು 140ರಿಂದ 180ರ ನಡುವೆ. 180 ದಾಟಿ ಅಲ್ಲೇ ನಿಂತರೆ ಇನ್ಸುಲಿನ್ ಶುರು. ಅದಕ್ಕಿಂತ ಮೇಲೆ ಬಿಟ್ಟರೆ ಗಾಯ ಕೀವಾಗುತ್ತದೆ, ಬಿಳಿ ರಕ್ತಕಣ ಸರಿಯಾಗಿ ಹೋರಾಡುವುದಿಲ್ಲ, ಮೂತ್ರದಲ್ಲಿ ನೀರು ಹೋಗಿ ದೇಹ ಒಣಗುತ್ತದೆ. ಹಾಗಾಗಿ ವಾರ್ಡಿನಲ್ಲಿ 170 ಅಂದರೆ ಒಳ್ಳೆಯ ಸುದ್ದಿ. ಮನೆಯವರಿಗೆ ಇದನ್ನು ಮೊದಲ ದಿನವೇ ಹೇಳಿಬಿಟ್ಟರೆ ರೌಂಡ್ಸ್‌ನಲ್ಲಿ ಅರ್ಧ ಜಗಳ ಕಡಿಮೆಯಾಗುತ್ತದೆ.

ಊಟ ಎರಡಕ್ಕೆ, ಸೂಜಿ ಹನ್ನೆರಡೂವರೆಗೆ

ಈಗ ವಾರ್ಡಿನ ಒಳಗಿನ ವಿಷಯ. ತುಂಬಾ ಕಡೆ ಇನ್ನೂ ನಡೆಯುತ್ತಿರುವುದು 'ಸ್ಲೈಡಿಂಗ್ ಸ್ಕೇಲ್'. ಆರು ಗಂಟೆಗೊಮ್ಮೆ ಬೆರಳು ಚುಚ್ಚುವುದು. 200 ಇದ್ದರೆ ಇಷ್ಟು ಯೂನಿಟ್, 250 ಇದ್ದರೆ ಇಷ್ಟು, 150ರ ಕೆಳಗಿದ್ದರೆ ಏನೂ ಬೇಡ. ಕೇಸ್ ಶೀಟಿನಲ್ಲಿ ಒಂದು ಪಟ್ಟಿ ಬರೆದರೆ ಮುಗಿಯಿತು. ಸುಲಭ, ಅದಕ್ಕೇ ಇದು ಹೋಗುತ್ತಿಲ್ಲ. ಆದರೆ ಇದು ಏರಿದ ಮೇಲೆ ಬೆನ್ನಟ್ಟುವ ಕೆಲಸ. ಏರದಂತೆ ತಡೆಯುವುದಿಲ್ಲ. ಬೆಳಿಗ್ಗೆ 145 ಅಂತ ಸೂಜಿ ಬಿಟ್ಟರೆ ಮಧ್ಯಾಹ್ನ 290 ಆಗಿರುತ್ತದೆ. ಆಗ ಜಾಸ್ತಿ ಕೊಟ್ಟರೆ ಸಂಜೆ 70ಕ್ಕೆ ಬಂದಿರುತ್ತದೆ.

ಇದಕ್ಕೆ ಬದಲು ದಿನಕ್ಕೊಮ್ಮೆ ನಿಧಾನವಾಗಿ ಕೆಲಸ ಮಾಡುವ ಇನ್ಸುಲಿನ್, ಪ್ರತಿ ಊಟದ ಜೊತೆ ಬೇಗ ಕೆಲಸ ಮಾಡುವ ಇನ್ಸುಲಿನ್ ಕೊಡುವುದು ಇನ್ನೊಂದು ದಾರಿ. 2007ರಲ್ಲಿ ಅಮೆರಿಕದಲ್ಲಿ 130 ರೋಗಿಗಳ ಮೇಲೆ ಎರಡನ್ನೂ ಹೋಲಿಸಿ ನೋಡಿದರು. ಊಟದ ಜೊತೆ ಹೊಂದಿಸಿ ಕೊಟ್ಟವರಲ್ಲಿ 66 ಶೇಕಡ ಜನ ಆ ಅಧ್ಯಯನ ಇಟ್ಟುಕೊಂಡಿದ್ದ 140ರ ಒಳಗಿನ ಗುರಿ ಮುಟ್ಟಿದರು. ಸ್ಲೈಡಿಂಗ್ ಸ್ಕೇಲಿನಲ್ಲಿ 38 ಶೇಕಡ ಮಾತ್ರ. ಆ ಅಧ್ಯಯನದಲ್ಲಿ ಶುಗರ್ ಕುಸಿಯುವುದು ಎರಡೂ ಗುಂಪಿನಲ್ಲಿ ಹೆಚ್ಚು ಕಡಿಮೆ ಒಂದೇ.

ಹಾಗಾದರೆ ನಾಳೆಯಿಂದಲೇ ಬದಲಾಯಿಸಬಹುದಲ್ವಾ? ಇಲ್ಲಿ ನಮ್ಮ ಊರಿನ ವಾಸ್ತವ ಎದುರಾಗುತ್ತದೆ. ಆ ಪದ್ಧತಿ ನಿಂತಿರುವುದೇ ಊಟದ ಮೇಲೆ. ಸೂಜಿ ಹಾಕಿ ಅರ್ಧ ಗಂಟೆಗೆ ಎದುರಿಗೆ ತಟ್ಟೆ ಇರಬೇಕು. ನಮ್ಮಲ್ಲಿ ಎಷ್ಟೋ ರೋಗಿಗಳು ಆಸ್ಪತ್ರೆಯ ಊಟ ಮುಟ್ಟುವುದಿಲ್ಲ. 'ಮನೆ ಊಟ ಬರುತ್ತೆ' ಅಂತ ಕಾಯುತ್ತಾರೆ. ಸಿಸ್ಟರ್ ಡ್ಯೂಟಿ ಬದಲಾಗುವ ಮುಂಚೆ ಮುಗಿಸಬೇಕೆಂದು ಹನ್ನೆರಡೂವರೆಗೆ ಹತ್ತು ಯೂನಿಟ್ ಹಾಕಿ ಹೋಗುತ್ತಾರೆ. ಊಟ ತರುವ ಮಗ ರಿಪ್ಪನ್‌ಪೇಟೆಯಿಂದ ಬಸ್ಸು ಹಿಡಿದು ಬರುವಾಗ ಎರಡು ದಾಟಿರುತ್ತದೆ. ಅಷ್ಟರಲ್ಲಿ ಅಪ್ಪ ಬೆವರಿ, ಕೈ ನಡುಗಿ, ಪಕ್ಕದ ಬೆಡ್ಡಿನವರ ಜೊತೆ ಸುಮ್ಮನೆ ಜಗಳಕ್ಕೆ ನಿಂತಿರುತ್ತಾರೆ. ಅದು ಸಿಟ್ಟಲ್ಲ, ಶುಗರ್ ಇಳಿದದ್ದು. ಇನ್ನೊಂದು ದಿನ ಇದರ ಉಲ್ಟಾ: ಸೂಜಿಗೆ ಮುಂಚೆಯೇ ನೆಂಟರು ಬಂದು ಎರಡು ಬಾಳೆಹಣ್ಣು, ಒಂದು ಎಳನೀರು ಕುಡಿಸಿರುತ್ತಾರೆ. ಆಮೇಲೆ ಬೆರಳು ಚುಚ್ಚಿದರೆ 310. ಡಾಕ್ಟರು ಇನ್ಸುಲಿನ್ ಏರಿಸುತ್ತಾರೆ. ಎಳನೀರಿನ ಸುದ್ದಿ ಕೇಸ್ ಶೀಟಿನಲ್ಲಿ ಇರುವುದಿಲ್ಲ.

ನನಗೆ ಅನ್ನಿಸುವುದು, ಇಲ್ಲಿ ಜೊತೆಗಿರುವವರನ್ನೇ ತಂಡಕ್ಕೆ ಸೇರಿಸಿಕೊಳ್ಳಬೇಕು. ಊಟ ಬಂದ ಮೇಲೆ ಸಿಸ್ಟರಿಗೆ ಹೇಳಿ, ಸೂಜಿ ಹಾಕಿದ ಮೇಲೆ ಉಣ್ಣಿಸಿ ಅಂದರೆ ಸಾಕು. ಸರಿಯಾಗಿ ಉಣ್ಣುತ್ತಾರೋ ಇಲ್ಲವೋ ಅನುಮಾನ ಇದ್ದರೆ ಬೇಗ ಕೆಲಸ ಮಾಡುವ ಹೊಸ ಇನ್ಸುಲಿನ್‌ಗಳನ್ನು ಊಟ ಮುಗಿದ ತಕ್ಷಣವೂ ಕೊಡಬಹುದು. ಗಂಜಿ, ಅಕ್ಕಿ ರೊಟ್ಟಿ, ಕಡುಬು ಏನೇ ಇರಲಿ, ಎಲ್ಲವೂ ಅಕ್ಕಿಯೇ. ಮೂರು ಹೊತ್ತೂ ಹೆಚ್ಚು ಕಡಿಮೆ ಒಂದೇ ಅಳತೆ ತಂದರೆ ಲೆಕ್ಕ ಸಿಗುತ್ತದೆ. ಒಂದು ಹೊತ್ತು ಉಪವಾಸ, ಇನ್ನೊಂದು ಹೊತ್ತು ಎರಡು ಪಟ್ಟು ಆದರೆ ಯಾವ ಪದ್ಧತಿಯೂ ನಿಲ್ಲುವುದಿಲ್ಲ.

ಸೂಜಿಯ ಇನ್ನೊಂದು ಸಂಗತಿ ಹೇಳಲೇಬೇಕು. ನಮ್ಮಲ್ಲಿ ಬಾಟಲಿ ಇನ್ಸುಲಿನ್ ಹೆಚ್ಚಾಗಿ ಒಂದು ಎಂಎಲ್‌ಗೆ 40 ಯೂನಿಟ್ ಇರುವಂಥದ್ದು. ಪೆನ್ನಿನ ಕಾರ್ಟ್ರಿಜ್‌ನಲ್ಲಿ 100 ಇರುತ್ತದೆ. 100ರ ಬಾಟಲಿಗಳೂ ಬರುತ್ತವೆ. 40ರ ಸಿರಿಂಜಿಗೆ ಕೆಂಪು ಮುಚ್ಚಳ, 100ರ ಸಿರಿಂಜಿಗೆ ಕಿತ್ತಳೆ ಮುಚ್ಚಳ. 100ರ ಇನ್ಸುಲಿನ್‌ ಅನ್ನು ಕೆಂಪು ಮುಚ್ಚಳದ ಸಿರಿಂಜಿನಲ್ಲಿ 10ರ ಗೆರೆಗೆ ಎಳೆದರೆ ಒಳಗೆ ಹೋಗುವುದು 25 ಯೂನಿಟ್. ಎರಡೂವರೆ ಪಟ್ಟು. ಆಸ್ಪತ್ರೆಯಲ್ಲಿ ಒಂದು ಬಗೆ, ಹೊರಗಿನ ಮೆಡಿಕಲ್‌ನಲ್ಲಿ ತಂದದ್ದು ಇನ್ನೊಂದು ಬಗೆ ಆದಾಗ ಈ ಗೊಂದಲ ಆಗುತ್ತದೆ. ಬಾಟಲಿಯ ಮೇಲಿನ ಸಂಖ್ಯೆ, ಸಿರಿಂಜಿನ ಮೇಲಿನ ಸಂಖ್ಯೆ ಎರಡೂ ಒಂದೇ ಇದೆಯಾ ಅಂತ ನೋಡುವುದು ಓದು ಬಲ್ಲ ಯಾರಿಗೂ ಸಾಧ್ಯ.

ಶುಗರ್ 70ಕ್ಕಿಂತ ಇಳಿದರೆ ಎಚ್ಚರ, 54ಕ್ಕಿಂತ ಇಳಿದರೆ ಅಪಾಯ. ಎಚ್ಚರ ಇರುವವರಿಗೆ ಮೂರು ಚಮಚ ಸಕ್ಕರೆ ನೀರಿನಲ್ಲಿ ಕದಡಿ ಕೊಡಿ, ಕಾಲು ಗಂಟೆ ಬಿಟ್ಟು ಮತ್ತೆ ನೋಡಿ. ಎಚ್ಚರ ತಪ್ಪಿದವರ ಬಾಯಿಗೆ ಏನೂ ಹಾಕಬೇಡಿ, ಅವರಿಗೆ ನರಕ್ಕೆ ಗ್ಲೂಕೋಸ್ ಹೋಗಬೇಕು. ಎಲ್ಲರೂ ಬೆವರುವುದಿಲ್ಲ. ವಯಸ್ಸಾದವರ ಮಾತು ತೊದಲಬಹುದು, ಒಂದು ಕಡೆ ಕೈಕಾಲು ಬಿದ್ದು ಲಕ್ವ ಹೊಡೆದಂತೆ ಕಾಣಬಹುದು. ಲಕ್ವ ಅಂತ ಓಡುವ ಮುಂಚೆ ಬೆರಳು ಚುಚ್ಚಿ ನೋಡುವ ಪದ್ಧತಿ ಇರುವುದು ಇದಕ್ಕೇ.

ಇದರಲ್ಲಿ ಮಲೆನಾಡಿಗೆ ವಿಶೇಷವಾಗಿ ಕಾಡುವ ಒಂದು ರೂಪ ಇದೆ. ಗ್ಲಿಬೆನ್‌ಕ್ಲಮೈಡ್, ಗ್ಲಿಮೆಪಿರೈಡ್ ಜಾತಿಯ ಶುಗರ್ ಮಾತ್ರೆ ವರ್ಷಗಟ್ಟಲೆ ನುಂಗುತ್ತಿರುವವರು. ಮೆಲ್ಲಗೆ ಕಿಡ್ನಿ ಸೋತಿರುತ್ತದೆ, ಯಾರೂ ಕಿಡ್ನಿ ಪರೀಕ್ಷೆಯಾದ ಕ್ರಿಯಾಟಿನಿನ್ ನೋಡಿರುವುದಿಲ್ಲ. ಜ್ವರ ಬಂದು ಎರಡು ದಿನ ಉಂಡಿಲ್ಲ, ಮಾತ್ರೆ ಮಾತ್ರ ತಪ್ಪಿಸಿಲ್ಲ. ಬೆಳಿಗ್ಗೆ ಎಬ್ಬಿಸಿದರೆ ಏಳುವುದಿಲ್ಲ. ಹತ್ತಿರದ ಆಸ್ಪತ್ರೆಯಲ್ಲಿ ಗ್ಲೂಕೋಸ್ ಹಾಕಿದ ಕೂಡಲೇ ಎದ್ದು ಕೂತು ಕಾಫಿ ಕೇಳುತ್ತಾರೆ. ಎಲ್ಲರಿಗೂ ಖುಷಿ, ಮನೆಗೆ ಹೊರಟರು. ಆದರೆ ಆ ಮಾತ್ರೆ ಸೋತ ಕಿಡ್ನಿಯಿಂದ ಹೊರಹೋಗದೆ ಒಂದು ದಿನ, ಕೆಲವೊಮ್ಮೆ ಇನ್ನೂ ಹೆಚ್ಚು ಹೊತ್ತು ಕೆಲಸ ಮಾಡುತ್ತಲೇ ಇರುತ್ತದೆ. ರಾತ್ರಿ ಮತ್ತೆ ಎಚ್ಚರ ತಪ್ಪುತ್ತದೆ. ನಗರದಲ್ಲಾದರೆ ಹತ್ತು ನಿಮಿಷಕ್ಕೆ ಆಸ್ಪತ್ರೆ. ಆಗುಂಬೆಯ ಆಚೆ ಈಚೆಯ ಒಂಟಿ ಮನೆಯಲ್ಲಿ, ಮಳೆಯಲ್ಲಿ, ಅದು ಬೇರೆಯೇ ಕಥೆ. ಈ ಮಾತ್ರೆ ತಿಂದು ಶುಗರ್ ಇಳಿದವರನ್ನು ಎದ್ದು ಕೂತರೂ ಒಂದು ರಾತ್ರಿಯಾದರೂ ಇಟ್ಟುಕೊಳ್ಳಲೇಬೇಕು.

ಶುಗರಿನ ಹೊಸ ಮಾತ್ರೆಗಳದ್ದು ಇನ್ನೊಂದು ರಗಳೆ. ಡಪಾಗ್ಲಿಫ್ಲೋಜಿನ್‌ನ ಪೇಟೆಂಟ್ 2020ರಲ್ಲಿ ಮುಗಿದ ಮೇಲೆ ಅದರ ಬೆಲೆ ಇಳಿಯಿತು. ಈಗ ಸಣ್ಣ ಊರಿನ ಚೀಟಿಯಲ್ಲೂ ಅದು ಕಾಣುತ್ತದೆ. ಹೃದಯಕ್ಕೂ ಕಿಡ್ನಿಗೂ ಒಳ್ಳೆಯ ಮಾತ್ರೆ, ಅನುಮಾನ ಬೇಡ. ಆದರೆ ಉಪವಾಸ, ವಾಂತಿ, ಆಪರೇಷನ್ ಹೊತ್ತಿನಲ್ಲಿ ಇದು ರಕ್ತದಲ್ಲಿ ಕೀಟೋನ್ ಆಮ್ಲ ಏರಿಸಬಹುದು. ಆಗ ಶುಗರ್ 180, 200 ಇರುತ್ತದೆ ಅಷ್ಟೇ, ಹಾಗಾಗಿ ಯಾರಿಗೂ ಅನುಮಾನ ಬರುವುದಿಲ್ಲ. ರೋಗಿ ಮಾತ್ರ ಹೊಟ್ಟೆನೋವು ಅಂತಾರೆ, ಉಸಿರು ಜೋರಾಗಿ ಎಳೆಯುತ್ತಾರೆ. ಗೊತ್ತುಮಾಡಿದ ಆಪರೇಷನ್‌ಗೆ ಮೂರು ದಿನ ಮುಂಚೆ ಇದನ್ನು ನಿಲ್ಲಿಸಬೇಕು. ಮೂಳೆ ಮುರಿದು ಬಂದವರಿಗೆ ಮೂರು ದಿನದ ನೋಟಿಸ್ ಎಲ್ಲಿಂದ ಬರಬೇಕು? ಅದಕ್ಕೆ ಯಾವ ಮಾತ್ರೆ ತಿನ್ನುತ್ತಿದ್ದಾರೆ ಅನ್ನುವುದು ಮೊದಲ ಗಂಟೆಯಲ್ಲೇ ಗೊತ್ತಾಗಬೇಕು. ಹಳೆ ಚೀಟಿ ಮನೆಯಲ್ಲಿ ಬಿಟ್ಟು ಬಂದಿದ್ದರೆ ವಾಟ್ಸಾಪಿನಲ್ಲಿ ಮಾತ್ರೆ ಹಾಳೆಯ ಫೋಟೋ ತರಿಸಿದರೂ ಆಯಿತು.

ಪುಡಿ ಔಷಧಿಯ ಬೆಲೆ

ಮಂಡಿನೋವು, ಉಬ್ಬಸ ಎರಡೂ ನಮ್ಮ ಥಂಡಿ ಹವೆಯಲ್ಲಿ ಜನರನ್ನು ಬಿಡುವುದಿಲ್ಲ. ಎರಡಕ್ಕೂ ಸ್ಟೀರಾಯ್ಡ್ ಮಾತ್ರೆ ತಕ್ಷಣದ ಆರಾಮ ಕೊಡುತ್ತದೆ. ಚೀಟಿ ಇಲ್ಲದೆ ಅಂಗಡಿಯಲ್ಲಿ ಸಿಗುವ ಬಿಡಿ ಮಾತ್ರೆಗಳಲ್ಲೂ, 'ಆಯುರ್ವೇದ' ಅಂತ ಹೇಳಿ ಕೊಡುವ ಕೆಲವು ಹೆಸರಿಲ್ಲದ ಪುಡಿಗಳಲ್ಲೂ ಇದು ಸೇರಿರುತ್ತದೆ. ತಿಂಗಳುಗಟ್ಟಲೆ ತಿಂದವರ ಮುಖ ಊದುತ್ತದೆ, ಚರ್ಮ ತೆಳುವಾಗಿ ಮುಟ್ಟಿದರೆ ನೀಲಿಗಟ್ಟುತ್ತದೆ, ಹೊಟ್ಟೆಯ ಮೇಲೆ ಕೆಂಪು ಗೆರೆ ಮೂಡುತ್ತದೆ.

ಶುಗರ್ ಏರುವುದು ಇದರ ಒಂದು ಮುಖ. ಬೆಳಿಗ್ಗೆ ತಿಂದ ಪ್ರೆಡ್ನಿಸೊಲೋನ್ ಶುಗರನ್ನು ಮಧ್ಯಾಹ್ನ, ಸಂಜೆ ಏರಿಸುತ್ತದೆ. ಬೆಳಗಿನ ಖಾಲಿ ಹೊಟ್ಟೆಯ ಪರೀಕ್ಷೆ 100 ಬಂದು 'ಏನೂ ಇಲ್ಲ' ಅನ್ನಿಸುತ್ತದೆ. ಸ್ಟೀರಾಯ್ಡ್ ಮೇಲಿರುವವರಿಗೆ ಮಧ್ಯಾಹ್ನದ ಊಟದ ನಂತರ ನೋಡಬೇಕು. 2021ರಲ್ಲಿ ಕೋವಿಡ್ ಎರಡನೇ ಅಲೆಯ ಹಿಂದೆಯೇ ಬಂದ ಕಪ್ಪು ಶಿಲೀಂಧ್ರ ನೆನಪಿರಬಹುದು. ಹತೋಟಿ ತಪ್ಪಿದ ಶುಗರ್ ಮತ್ತು ಅಳತೆ ಮೀರಿದ ಸ್ಟೀರಾಯ್ಡ್ ಎರಡೂ ಸೇರಿದ ಕಡೆ ಅದು ಹೆಚ್ಚಾಗಿ ಕಂಡಿತ್ತು.

ಇನ್ನೊಂದು ಮುಖ ಹೆಚ್ಚು ಅಪಾಯದ್ದು, ಕಡಿಮೆ ಗೊತ್ತಿರುವುದು. ಹೊರಗಿನಿಂದ ಸ್ಟೀರಾಯ್ಡ್ ಬರುತ್ತಿದ್ದರೆ ದೇಹದ ಅಡ್ರಿನಲ್ ಗ್ರಂಥಿ ತನ್ನ ಕಾರ್ಟಿಸಾಲ್ ತಯಾರಿಕೆ ನಿಲ್ಲಿಸಿಬಿಡುತ್ತದೆ. ಒಂದು ದಿನ ಪುಡಿ ಮುಗಿಯಿತು, ಅಥವಾ 'ಶುಗರ್ ಬಂತಲ್ಲ' ಅಂತ ತಾವೇ ನಿಲ್ಲಿಸಿದರು. ಅದೇ ವಾರ ಜ್ವರ ಬಂತು ಅಥವಾ ಬಿದ್ದರು. ಪೆಟ್ಟಿನ ಹೊತ್ತಿಗೆ ಬೇಕಾದ ಕಾರ್ಟಿಸಾಲ್ ಇಲ್ಲ. ಬಿಪಿ 80ಕ್ಕೆ ಇಳಿಯುತ್ತದೆ, ಎಷ್ಟು ಡ್ರಿಪ್ಸ್ ಹಾಕಿದರೂ ಏರುವುದಿಲ್ಲ. ವಾಂತಿ, ಸೋಡಿಯಂ ಕಡಿಮೆ, ಶುಗರ್ ಕೂಡ ಕಡಿಮೆ. ಎಲ್ಲರೂ ಸೋಂಕು ಅಂತ ಆಂಟಿಬಯೋಟಿಕ್ ಬದಲಿಸುತ್ತಾ ಹೋಗುತ್ತಾರೆ.

ಅನುಮಾನ ಬಂದರೆ ಕಾರ್ಟಿಸಾಲ್‌ಗೆ ರಕ್ತ ತೆಗೆದಿಟ್ಟು, ವರದಿಗೆ ಕಾಯದೆ, ಕಾರ್ಟಿಸಾಲಿನದೇ ಔಷಧಿ ರೂಪವಾದ ಹೈಡ್ರೋಕಾರ್ಟಿಸೋನ್ 100 ಮಿಲಿಗ್ರಾಂ ನರಕ್ಕೆ ಕೊಡಬೇಕು. ಸ್ಯಾಂಪಲ್ ಹೊರಗಿನ ಲ್ಯಾಬಿಗೆ ಹೋಗಿ ಬರುವಾಗ ದಿನವೇ ಕಳೆಯಬಹುದು, ಅಷ್ಟು ಹೊತ್ತು ಆ ರೋಗಿ ಕಾಯಲಾರ. ಉಬ್ಬಸಕ್ಕೆ, ಅಲರ್ಜಿಗೆ, ಹಾವಿನ ಇಂಜೆಕ್ಷನ್ ಒಗ್ಗದಾಗ ಕೊಡಲು ಅಂತ ಈ ಔಷಧಿ ಸಣ್ಣ ಆಸ್ಪತ್ರೆಗಳ ತುರ್ತು ಟ್ರೇನಲ್ಲೂ ಇರುವಂಥದ್ದೇ. ಕಮ್ಮಿ ಇರುವುದು 'ಮಂಡಿನೋವಿಗೆ ಏನು ತಿಂತಿದ್ರಿ ಅಜ್ಜಿ?' ಅನ್ನುವ ಪ್ರಶ್ನೆ. ಬೈಯುವ ದನಿಯಲ್ಲಿ ಕೇಳಿದರೆ ಅಜ್ಜಿ ಹೇಳುವುದಿಲ್ಲ.

ಹಾವು ಕಚ್ಚಿದ ಮೇಲೆ, ಹೆರಿಗೆಯಾದ ಮೇಲೆ

ಮಲೆನಾಡಿನಲ್ಲಿ ಕೇಳಲೇಬೇಕಾದ ಇನ್ನೆರಡು ಪ್ರಶ್ನೆ ಇವೆ. ನನ್ನ ಮಟ್ಟಿಗೆ ಈ ಇಡೀ ವಿಷಯದಲ್ಲಿ ಇದೇ ಎಲ್ಲಕ್ಕಿಂತ ಮುಖ್ಯ ಭಾಗ.

ಮೆದುಳಿನ ತಳದಲ್ಲಿ ಕಡಲೆಕಾಳಿನಷ್ಟಿರುವ ಪಿಟ್ಯುಟರಿ ಗ್ರಂಥಿ ಥೈರಾಯ್ಡಿಗೆ, ಅಡ್ರಿನಲ್‌ಗೆ, ಅಂಡಾಶಯಕ್ಕೆ, ವೃಷಣಕ್ಕೆ ಅಪ್ಪಣೆ ಕೊಡುತ್ತದೆ. ಅದಕ್ಕೆ ರಕ್ತ ನಿಂತರೆ ಕೆಳಗಿನ ಎಲ್ಲವೂ ಒಂದೊಂದಾಗಿ ಸೋಲುತ್ತವೆ. ಹೆರಿಗೆ ಹೊತ್ತಿನಲ್ಲಿ ವಿಪರೀತ ರಕ್ತಸ್ರಾವ ಆದವರಲ್ಲಿ ಹೀಗಾಗುವುದನ್ನು ಇಂಗ್ಲೆಂಡಿನ ಹೆರಾಲ್ಡ್ ಶೀಹನ್ 1937ರಲ್ಲಿ ವಿವರಿಸಿದರು. ಬಸುರಿಯಲ್ಲಿ ಪಿಟ್ಯುಟರಿ ಊದಿಕೊಂಡಿರುತ್ತದೆ, ಬಿಪಿ ಕುಸಿದರೆ ಮೊದಲು ಸಾಯುವುದು ಅದೇ. ಅಂಥ ಬಾಣಂತಿಗೆ ಎದೆಹಾಲು ಬರುವುದಿಲ್ಲ, ಮುಟ್ಟು ಮರಳುವುದಿಲ್ಲ. ಆಮೇಲೆ ವರ್ಷಾನುಗಟ್ಟಲೆ ಸುಸ್ತು, ಚಳಿ ತಡೆಯುವುದಿಲ್ಲ, ಮುಖ ಬಿಳಿಚಿಕೊಳ್ಳುತ್ತದೆ. ಹತ್ತು, ಇಪ್ಪತ್ತು ವರ್ಷ ಬಿಟ್ಟು ಒಂದು ಸಾಧಾರಣ ಭೇದಿಗೆ ಎಚ್ಚರ ತಪ್ಪಿ ಬಂದಾಗ ಸೋಡಿಯಂ 110, ಶುಗರ್ 45. ಈಗ ಹೆರಿಗೆ ಬಹುತೇಕ ಆಸ್ಪತ್ರೆಯಲ್ಲೇ ಆಗುವುದರಿಂದ ಹೊಸ ಪ್ರಕರಣ ಕಡಿಮೆ. ಆದರೆ ಮನೆಯಲ್ಲೇ ಹೆತ್ತು, ರಕ್ತ ಹೋಗಿ ಬದುಕಿ ಉಳಿದ ತಲೆಮಾರು ಇನ್ನೂ ನಮ್ಮ ನಡುವೆ ಇದೆ. ಅವರ ಹಾಸಿಗೆ ಪಕ್ಕ ನಿಂತು 'ಕೊನೇ ಹೆರಿಗೆ ಆದ್ಮೇಲೆ ಮಗುವಿಗೆ ಹಾಲು ಬಂತಾ ಅಮ್ಮಾ?' ಎಂದು ಕೇಳಿದರೆ ದುಬಾರಿ ಸ್ಕ್ಯಾನಿಗಿಂತ ಮೊದಲೇ ದಾರಿ ಸಿಗುತ್ತದೆ.

ಇನ್ನೊಂದು ಹಾವು. ಕೊಳಕುಮಂಡಲ ಕಚ್ಚಿದಾಗ ರಕ್ತ ಹೆಪ್ಪುಗಟ್ಟುವುದು ತಪ್ಪುತ್ತದೆ, ಕಿಡ್ನಿ ಸೋಲುತ್ತದೆ ಎಂದು ಎಲ್ಲರಿಗೂ ಗೊತ್ತು. ಅದರ ವಿಷ ಪಿಟ್ಯುಟರಿಯ ಸಣ್ಣ ರಕ್ತನಾಳಗಳಲ್ಲೂ ರಕ್ತ ಸುರಿಸಿ, ಕಟ್ಟಿಸಿ ಅದನ್ನು ಕೊಲ್ಲಬಹುದು. ಬರ್ಮಾದ ವೈದ್ಯರು 1987ರಲ್ಲಿ ಇದನ್ನು ಸ್ಪಷ್ಟವಾಗಿ ವರದಿ ಮಾಡಿದರು. ದಕ್ಷಿಣ ಭಾರತದಿಂದಲೂ ಇಂಥ ವರದಿಗಳು ಬಂದಿವೆ. ಕಿಡ್ನಿ ಸೋತು ಡಯಾಲಿಸಿಸ್ ತನಕ ಹೋದವರಲ್ಲಿ ಇದರ ಅಪಾಯ ಹೆಚ್ಚು. ಕೆಲವರಲ್ಲಿ ಆಸ್ಪತ್ರೆಯಲ್ಲೇ ಬಿಪಿ, ಶುಗರ್ ಕುಸಿಯುತ್ತವೆ. ಇನ್ನು ಕೆಲವರು ಆರಾಮಾಗಿ ಮನೆಗೆ ಹೋಗುತ್ತಾರೆ. ಆಮೇಲೆ ತಿಂಗಳುಗಳ, ವರ್ಷಗಳ ಅಂತರದಲ್ಲಿ ಗಡ್ಡ ತೆಳ್ಳಗಾಗುತ್ತದೆ, ಸಂಸಾರದ ಆಸಕ್ತಿ ಹೋಗುತ್ತದೆ, ಗದ್ದೆಗೆ ಇಳಿಯಲು ಶಕ್ತಿ ಇರುವುದಿಲ್ಲ. ಊರಿನವರು 'ಹಾವಿನ ನಂಜು ಇನ್ನೂ ಇಳಿದಿಲ್ಲ' ಅಂತಾರೆ. ಒಂದು ಲೆಕ್ಕದಲ್ಲಿ ಅವರು ಹೇಳುವುದು ಸುಳ್ಳಲ್ಲ.

ಕರ್ನಾಟಕ 2024ರಲ್ಲಿ ಹಾವು ಕಡಿತವನ್ನು ಸರ್ಕಾರಕ್ಕೆ ವರದಿ ಮಾಡಲೇಬೇಕಾದ ಪಟ್ಟಿಗೆ ಸೇರಿಸಿತು. ಅಂದರೆ ಯಾರಿಗೆ ಕಚ್ಚಿತು, ಯಾರು ಬದುಕಿದರು ಅನ್ನುವ ದಾಖಲೆ ಈಗ ಸಿಗುತ್ತದೆ. ಅದರಲ್ಲಿ ಕಿಡ್ನಿ ಸೋತಿದ್ದವರನ್ನಷ್ಟೇ ಮೂರು ತಿಂಗಳಿಗೆ, ವರ್ಷಕ್ಕೆ ಕರೆಸಿ ಬೆಳಗಿನ ಕಾರ್ಟಿಸಾಲ್, ಥೈರಾಯ್ಡ್ ಹಾರ್ಮೋನಾದ ಟಿ4, ಸೋಡಿಯಂ ನೋಡುವುದು ದೊಡ್ಡ ಖರ್ಚಿನ ಕೆಲಸವಲ್ಲ. ಆಶಾ ಕಾರ್ಯಕರ್ತೆಯರಿಗೆ ಆ ಮನೆಗಳು ಗೊತ್ತೇ ಇರುತ್ತವೆ.

ಚಿಕಿತ್ಸೆಯಲ್ಲಿ ಒಂದು ಕ್ರಮ ತಪ್ಪಬಾರದು. ಪಿಟ್ಯುಟರಿ ಸೋತವರಿಗೆ ಥೈರಾಯ್ಡ್ ಹಾರ್ಮೋನೂ ಕಡಿಮೆ, ಕಾರ್ಟಿಸಾಲೂ ಕಡಿಮೆ. ಟಿ4 ಕಡಿಮೆ ಅಂತ ನೋಡಿ ಮೊದಲು ಥೈರಾಯ್ಡ್ ಮಾತ್ರೆ ಕೊಟ್ಟರೆ, ದೇಹದ ಓಟ ಜೋರಾಗಿ ಉಳಿದಿದ್ದ ಚೂರು ಕಾರ್ಟಿಸಾಲೂ ಖರ್ಚಾಗಿ ರೋಗಿ ಕುಸಿಯಬಹುದು. ಮೊದಲು ಹೈಡ್ರೋಕಾರ್ಟಿಸೋನ್, ಆಮೇಲೆ ಥೈರಾಕ್ಸಿನ್. ಇನ್ನೊಂದು ಮೋಸ: ಇಂಥವರಲ್ಲಿ ಥೈರಾಯ್ಡಿಗೆ ಅಪ್ಪಣೆ ಕೊಡುವ ಹಾರ್ಮೋನಾದ ಟಿಎಸ್‌ಎಚ್ ಒಂದನ್ನೇ ನೋಡಿದರೆ ಅದು ನಾರ್ಮಲ್ ಬರಬಹುದು, ಏಕೆಂದರೆ ಅದನ್ನು ಮಾಡುವ ಗ್ರಂಥಿಯೇ ಸೋತಿದೆ.

ಥೈರಾಯ್ಡಿನ ಬಗ್ಗೆ ಇಷ್ಟೇ ಸಾಕು, ಜೊತೆಗೆ ಒಂದು ಮಾತು. ಜೋರು ಕಾಯಿಲೆಯಲ್ಲಿ ಮಲಗಿದ ಯಾರದ್ದೇ ಥೈರಾಯ್ಡ್ ವರದಿ ಏರುಪೇರಾಗಿ ಬರುತ್ತದೆ. ಟಿ3 ಇಳಿಯುತ್ತದೆ, ಟಿಎಸ್‌ಎಚ್ ಸ್ವಲ್ಪ ಆಚೀಚೆ ಆಗುತ್ತದೆ. ನಿಜವಾದ ಅನುಮಾನ ಇಲ್ಲದೆ ಪ್ಯಾಕೇಜಿನಲ್ಲಿ ಇದೆ ಅಂತ ಐಸಿಯುನಲ್ಲಿ ಈ ಪರೀಕ್ಷೆ ಮಾಡಿಸಿದರೆ, ಇಲ್ಲದ ಕಾಯಿಲೆಗೆ ಜೀವನಪೂರ್ತಿ ಮಾತ್ರೆ ಅಂಟಿಕೊಳ್ಳುತ್ತದೆ. ಆರು ವಾರ ಬಿಟ್ಟು ಮತ್ತೆ ನೋಡಿದರೆ ಎಷ್ಟೋ ವರದಿಗಳು ತಾವೇ ಸರಿಹೋಗಿರುತ್ತವೆ.

ಮನೆಗೆ ಕಳಿಸುವ ದಿನ

ಕೊನೆಗೆ ಡಿಸ್ಚಾರ್ಜ್. ಎಲ್ಲರಿಗೂ ಅವಸರ. ಬಿಲ್ ಆಗಬೇಕು, ಯೋಜನೆಯ ಕಾಗದ ಆಗಬೇಕು, ಸಾಗರದ ಕೊನೇ ಬಸ್ಸು ಸಿಗಬೇಕು. ವಾರ್ಡಿನಲ್ಲಿ ಕೊಡುತ್ತಿದ್ದ ಇನ್ಸುಲಿನ್ ಅನ್ನೇ ಹಾಗೆಯೇ ಹಾಳೆಗೆ ಇಳಿಸಿ ಕಳಿಸುವುದು ಸುಲಭ. ಆದರೆ ಮೊದಲು ನೋಡಿದ ಎಚ್‌ಬಿಎ1ಸಿ ಇಲ್ಲಿ ಉಪಯೋಗಕ್ಕೆ ಬರುತ್ತದೆ. 7ಕ್ಕಿಂತ ಕಡಿಮೆ ಇದ್ದರೆ ಹಳೆಯ ಮಾತ್ರೆಗೇ ಮರಳಬಹುದು. 7ರಿಂದ 9 ಇದ್ದರೆ ಮಾತ್ರೆಯ ಜೊತೆ ದಿನಕ್ಕೊಂದು ಇನ್ಸುಲಿನ್, ಅದೂ ಆಸ್ಪತ್ರೆಯ ಅಳತೆಯ ಅರ್ಧದಷ್ಟು. 9 ದಾಟಿದ್ದರೆ ಇನ್ಸುಲಿನ್ ಗಟ್ಟಿಯಾಗಿ ಬೇಕಾದೀತು. ಇದು ಒರಟು ಲೆಕ್ಕ. ವಯಸ್ಸು, ಕಿಡ್ನಿ, ಮನೆಯಲ್ಲಿ ಯಾರಿದ್ದಾರೆ ಅನ್ನುವುದನ್ನು ನೋಡಿ ಬದಲಾಗುತ್ತದೆ. ಮಕ್ಕಳೆಲ್ಲ ಬೆಂಗಳೂರಿನಲ್ಲಿದ್ದು ಇಬ್ಬರೇ ಇರುವ ಮುದುಕರ ಮನೆಗೆ ದಿನಕ್ಕೆ ನಾಲ್ಕು ಸೂಜಿ ಬರೆದು ಕಳಿಸುವುದು ಕಾಗದದ ಮೇಲಷ್ಟೇ ಚೆಂದ.

ಇನ್ಸುಲಿನ್ ಇಡುವುದರ ಬಗ್ಗೆ ಜನರಿಗೆ ವಿಪರೀತ ಹೆದರಿಕೆ ಇದೆ. ಮಳೆಗಾಲದಲ್ಲಿ ಮರ ಬಿದ್ದು ಎರಡು ಮೂರು ದಿನ ಕರೆಂಟ್ ಹೋಗುವುದು ನಮ್ಮಲ್ಲಿ ಮಾಮೂಲು. ಬಳಸಲು ತೆರೆದ ಬಾಟಲಿ 30 ಡಿಗ್ರಿಯ ಒಳಗಿದ್ದರೆ ಸುಮಾರು ನಾಲ್ಕು ವಾರ ಹೊರಗೇ ಇರಬಹುದು. ತೆರೆಯದ ಬಾಟಲಿ ಫ್ರಿಜ್ಜಿನಲ್ಲಿ, ಐಸ್ ಕಟ್ಟುವ ಖಾನೆಯಲ್ಲಿ ಅಲ್ಲ. ಹೆಪ್ಪುಗಟ್ಟಿದ ಇನ್ಸುಲಿನ್ ಕರಗಿಸಿ ಬಳಸುವ ಹಾಗಿಲ್ಲ. ಫ್ರಿಜ್ ಇಲ್ಲದ ಮನೆಯಲ್ಲಿ ಒದ್ದೆ ಮರಳಿನ ನಡುವೆ ಇಟ್ಟ ಮಣ್ಣಿನ ಕುಡಿಕೆ ಸಾಕಾಗುತ್ತದೆ.

ಮುಖ್ಯವಾದದ್ದು ಇನ್ನೊಂದಿದೆ. ಗಾಯ ಮಾಗುತ್ತಾ, ಸೋಂಕು ಇಳಿಯುತ್ತಾ, ಸ್ಟೀರಾಯ್ಡ್ ಕಡಿಮೆಯಾಗುತ್ತಾ ಬಂದ ಹಾಗೆ ಇನ್ಸುಲಿನ್ ಬೇಕಾಗುವ ಅಳತೆಯೂ ಇಳಿಯುತ್ತದೆ. ಆಸ್ಪತ್ರೆಯಲ್ಲಿ 30 ಯೂನಿಟ್ ಬೇಕಿದ್ದವರಿಗೆ ಮೂರನೇ ವಾರ 12 ಸಾಕಾಗಬಹುದು, ಕೆಲವರಿಗೆ ಏನೂ ಬೇಡವಾಗಬಹುದು. ಹಾಗಾಗಿ ಡಿಸ್ಚಾರ್ಜ್ ಹಾಳೆಯಲ್ಲಿ ಔಷಧಿಯ ಹೆಸರಿನಷ್ಟೇ ದೊಡ್ಡದಾಗಿ ಮೂರು ಸಾಲು ಕನ್ನಡದಲ್ಲಿ ಇರಬೇಕು. ಬೆಳಗಿನ ಶುಗರ್ 100ಕ್ಕಿಂತ ಕಡಿಮೆ ಬಂದರೆ ಎಷ್ಟು ಯೂನಿಟ್ ಇಳಿಸಬೇಕು. ಒಂದು ವಾರದೊಳಗೆ ಊರಿನ ಪಿಎಚ್‌ಸಿಯಲ್ಲಿ ಯಾವ ದಿನ ಬೆರಳು ಚುಚ್ಚಿಸಬೇಕು. ಮೂರು ತಿಂಗಳಿಗೆ, ಯಾವ ತಾರೀಕಿನ ಆಚೀಚೆ, ಎಚ್‌ಬಿಎ1ಸಿ ಮತ್ತೆ ಮಾಡಿಸಿ ಕಾಯಿಲೆ ಇದೆಯೋ ಇಲ್ಲವೋ ಪಕ್ಕಾ ಮಾಡಿಕೊಳ್ಳಬೇಕು. ಎರಡನೇ ಸಾಲಿನ ದಿನ ಸಂತೆಯ ದಿನಕ್ಕೆ ಹೊಂದಿಕೊಂಡರೆ ಇನ್ನೂ ಒಳ್ಳೆಯದು, ಆ ದಿನ ಹೇಗೂ ಪೇಟೆಗೆ ಬರುತ್ತಾರೆ.